ಯಾರ ಭತ್ತ, ಯಾರ ಕೊಳಗ: ಕಾಗೋಡಿನ ಬಗ್ಗೆ ಆಡಿದ ಮಾತು

(ಸಾಗರ ತಾಲೂಕಿನ ಒಂದು ಊರಿನ ಶಾಲೆ ಹಾಲ್‌ನಲ್ಲಿ ಆಡಿದ ಮಾತಿದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ತೀರಾ ಎಲ್ಲೆಲ್ಲೋ ಹೋಗಿದ್ದನ್ನ ಕತ್ತರಿಸಿದೀನಿ, ಉಳಿದಿದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಬೆಂಚಿಗೆ ಕೇಳ್ತಿದೆಯಾ? ಸರಿ.

ನಮ್ಮ ಕಡೆ ಯಾವ ಊರಿಗೆ ಹೋಗಿ ನಿಮ್ಮೂರ ಇತಿಹಾಸ ಹೇಳಿ ಅಂದ್ರೂ ಮೊದಲು ಊರ ಹೊರಗಿರೋ ವೀರಗಲ್ಲಿನ ಹತ್ರ ಕರ್ಕೊಂಡು ಹೋಗ್ತಾರೆ, ಆಮೇಲೆ ದೇವಸ್ಥಾನ ತೋರಿಸಿ ಇದು ಕೆಳದಿ ಅರಸರ ಕಾಲದ್ದು ಅಂತಾರೆ, ಅಲ್ಲಿಗೆ ಇತಿಹಾಸ ಮುಗೀತು, ಕಾಫಿ ಕುಡೀರಿ. ತಪ್ಪು ಅಂತ ಹೇಳ್ತಿಲ್ಲ ನಾನು. ಆದ್ರೆ ಆ ಅರಸರು ಹೋಗಿ ಇನ್ನೂರೈವತ್ತು ವರ್ಷದ ಮೇಲಾಯ್ತು, 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿದ ಮೇಲೆ ಕೆಳದಿ ಕಥೆ ಮುಗಿದೇ ಹೋಯ್ತು. ಅಲ್ಲಿಂದ ಈಚೆಗೆ ಈ ಊರುಗಳಲ್ಲಿ ಜನ ಏನು ಮಾಡ್ತಿದ್ರು? ಭತ್ತ ಬೆಳೀತಿದ್ರು. ಬೆಳೆದ ಭತ್ತದಲ್ಲಿ ಯಾರಿಗೆ ಎಷ್ಟು ಹೋಗ್ತಿತ್ತು, ಅದನ್ನ ಅಳೆಯೋ ಪಾತ್ರೆ, ಅಂದ್ರೆ ಕೊಳಗ, ಯಾರ ಕೈಯಲ್ಲಿತ್ತು, ನನ್ನ ಪ್ರಕಾರ ಮಲೆನಾಡಿನ ಊರಿನ ನಿಜವಾದ ಇತಿಹಾಸ ಅಲ್ಲಿದೆ. ಅದಕ್ಕೇ ಇವತ್ತು ಪಕ್ಕದ ಕಾಗೋಡಿನ ಬಗ್ಗೆ ಮಾತಾಡೋಣ ಅಂತ ಬಂದೆ. ಕಾಗೋಡು ಸತ್ಯಾಗ್ರಹ, ಅಲ್ಲಿನ ಗೇಣಿದಾರರು 1951ರಲ್ಲಿ ಮಾಡಿದ ಹೋರಾಟ, ಎಲ್ಲರಿಗೂ ಗೊತ್ತು, ಪರೀಕ್ಷೇಲಿ ಎರಡು ಮಾರ್ಕಿನ ಪ್ರಶ್ನೆ ಬರುತ್ತೆ. ಆದ್ರೆ ಆ ಜಗಳ ಯಾವುದರಿಂದ ಶುರುವಾಯ್ತು ಅಂತ ಕೇಳಿದ್ರೆ ಹೆಚ್ಚಿನವರು ಭೂಮಿಗಾಗಿ ಅಂತಾರೆ. ಅಲ್ಲ. ಶುರುವಲ್ಲಿ ಅವರು ಭೂಮಿ ಕೇಳಿರ್ಲೇ ಇಲ್ಲ.

ಸ್ವಲ್ಪ ಹಿಂದಕ್ಕೆ ಹೋಗಿ ಬರ್ತೀನಿ, ಅರಸರನ್ನ ಬೈದು ಅರಸರ ಹತ್ರಾನೇ ಹೋಗ್ತಿದಾನೆ ಅನ್ಬೇಡಿ. ಇಕ್ಕೇರಿ ಅಘೋರೇಶ್ವರ ದೇವಸ್ಥಾನ ಎಲ್ಲರೂ ನೋಡಿರ್ತೀರಿ, ಮಕ್ಕಳನ್ನ ಟ್ರಿಪ್ ಕರ್ಕೊಂಡು ಹೋಗಿರ್ತೀರಿ. ದೊಡ್ಡ ನಂದಿ ನೋಡಿ, ಗೋಡೆ ಮೇಲಿನ ಶಿಲ್ಪ ನೋಡಿ, ಸೆಲ್ಫಿ ತಗೊಂಡು ಬಂದ್ಬಿಡ್ತೀವಿ. ಆದ್ರೆ ಅಲ್ಲಿ ಒಳಗಿನ ನಡುಗಂಬಗಳ ಮಧ್ಯೆ ಇರೋ ಅಂತರ ಇದೆಯಲ್ಲ, ಅದು ಒಂದು ಕಾಲದಲ್ಲಿ ಈ ಸೀಮೆಗೆಲ್ಲ ತೋಟದ ಅಳತೆ ಆಗಿತ್ತು. 18 ಅಡಿ 6 ಇಂಚು. ಆ ಉದ್ದದ ಕೋಲು ಹಿಡಿದು ತೋಟ ಅಳೀತಿದ್ರು, ಅದರ ಲೆಕ್ಕದ ಮೇಲೆ ಕಂದಾಯ. ಕೆಳದಿ ಅರಸ ಶಿವಪ್ಪ ನಾಯಕನ ಶಿಸ್ತು ಅಂತ ಕೇಳಿದೀರಲ್ಲ, ಹದಿನೇಳನೇ ಶತಮಾನದ ನಡುವಿನ ಮಾತು, ಅದೂ ಇದೇ, ನೆಲದ ಗುಣ ನೋಡಿ, ಹಲವು ವರ್ಷದ ಬೆಳೆಯ ಸರಾಸರಿ ನೋಡಿ, ಇಷ್ಟು ಕೊಡಬೇಕು ಅಂತ ಕಟ್ಟಿ ಬರೆದಿಟ್ಟಿದ್ದು. ಶಿವಪ್ಪ ನಾಯಕನ ಶಿಸ್ತು ಅಂತ ಇವತ್ತಿಗೂ ಜನ ಮಾತಲ್ಲಿ ಹೇಳ್ತಾರೆ, ಹೇಳೋರಿಗೆ ಅದು ಕಂದಾಯದ ಲೆಕ್ಕ ಅಂತ ಗೊತ್ತಿರಲ್ಲ ಅಷ್ಟೇ. ನನಗೆ ಅದರಲ್ಲಿ ಇಷ್ಟ ಆಗೋದು ಏನಂದ್ರೆ, ಅಳತೆಯನ್ನ ದೇವಸ್ಥಾನದಲ್ಲಿ, ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲಿ ಇಟ್ಟಿದ್ರು. ಶಾನುಭೋಗನ ಕೋಲಿನ ಮೇಲೆ ಅನುಮಾನ ಬಂದ್ರೆ ಹೋಗಿ ಕಂಬಕ್ಕೆ ಹಿಡಿದು ನೋಡಬಹುದು. ಎಷ್ಟು ಜನ ಹೋಗಿ ಹಿಡಿದು ನೋಡೋ ಧೈರ್ಯ ಮಾಡ್ತಿದ್ರೋ ಅದು ಬೇರೆ ವಿಷಯ.

ಈಗ ಕಂಬ ಬಿಟ್ಟು ಕಣಕ್ಕೆ ಬರೋಣ. ಇಲ್ಲಿ ಕೂತಿರೋ ಹುಡುಗರಿಗೆ ಕಣ ಗೊತ್ತಿರಲ್ಲ, ಈಗ ಮೆಷಿನ್ ಬಂದು ಗದ್ದೇಲೇ ಕೊಯ್ದು ಅಲ್ಲೇ ಮೂಟೆ ಮಾಡಿ ಕೊಟ್ಟು ಹೋಗುತ್ತೆ. ಕೊಯ್ಲು ಮುಗಿದ ಮೇಲೆ ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ ಕಣ ಮಾಡೋರು, ಗೊಣಬೆ ಒಡೆದು ಹರವಿ ರೋಣಗಲ್ಲು ಹೊಡೆಯೋರು, ಹುಲ್ಲು ಝಾಡಿಸಿ ತೆಗೆದು ಗಾಳಿ ನೋಡ್ಕೊಂಡು ತೂರೋರು. ಜೊಳ್ಳು ಹಾರಿ ಕೊನೆಗೆ ಕಣದ ಮಧ್ಯೆ ರಾಶಿ ನಿಲ್ಲುತ್ತೆ. ರಾಶಿಗೆ ಪೂಜೆ. ಆಮೇಲೆ ಅಳತೆ. ಅಳೆಯೋನು ಮೊದಲ ಕೊಳಗಕ್ಕೆ ಒಂದು ಅನ್ನಲ್ಲ, ಲಾಭ ಅಂತಾನೆ. ಲಾಭ, ಎರಡು, ಮೂರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ.

ಗೇಣಿದಾರನ ಕಣದಲ್ಲಿ ಆ ಲಾಭ ಯಾರಿಗೆ ಅಂತ ಎಲ್ಲರಿಗೂ ಗೊತ್ತೇ ಇತ್ತು. ಗದ್ದೆ ಒಡೆಯರದ್ದು, ಅಂದ್ರೆ ಭೂಮಾಲೀಕರದ್ದು, ದುಡಿಮೆ ಇವನದು, ಎತ್ತು ಇವನದು, ಬೀಜ ಕಡಿಮೆ ಬಿದ್ರೆ ಒಡೆಯರ ಹತ್ರಾನೇ ಸಾಲ. ಎಕರೆಗೆ ಇಷ್ಟು ಕೊಳಗ ಗೇಣಿ ಅಂತ ಮೊದಲೇ ಮಾತಾಗಿರುತ್ತೆ, ಆ ಮಾತಿನಲ್ಲಿ ಹೆಚ್ಚುಕಮ್ಮಿ ಮಾಡ್ತಿರ್ಲಿಲ್ಲ, ಅಲ್ಲಿ ಜಗಳಾನೇ ಇಲ್ಲ. ಜಗಳ ಪಾತ್ರೇದು. ಗೇಣಿ ತಗೊಳ್ಳೋಕೆ ಒಡೆಯರ ಮನೆಯಿಂದ ಬರೋ ಕೊಳಗ ಸರ್ಕಾರಿ ಮೊಹರಿನ ಕೊಳಗಕ್ಕಿಂತ ದೊಡ್ಡದು. ಲೆಕ್ಕ ಅರ್ಥ ಆಗ್ಲಿ ಅಂತ ನಾನೊಂದು ಸಂಖ್ಯೆ ಹಾಕ್ತೀನಿ, ಇದು ಯಾವ ದಾಖಲೆಯದ್ದೂ ಅಲ್ಲ. ಕೊಳಗ ಕಾಲು ಭಾಗ ದೊಡ್ಡದಿದೆ ಅಂದ್ಕೊಳ್ಳಿ. ಗೇಣಿ ಇಪ್ಪತ್ತು ಕೊಳಗ ಅಂತ ಬರೆದಿದೆ, ಕಣದಲ್ಲಿ ಇಪ್ಪತ್ತೇ ಸಲ ಅಳೀತಾರೆ, ಆದ್ರೆ ಹೋಗಿದ್ದು ಇಪ್ಪತ್ತೈದು. ಕಡತದಲ್ಲಿ ಮಾತ್ರ ಇಪ್ಪತ್ತು. ಮೇಲಿಂದ ಕೊಳಗದ ತಲೆ ಮೇಲೆ ಗೋಪುರ ಕಟ್ಟಿದ ಹಾಗೆ ರಾಶಿ ಮಾಡಿ ತುಂಬೋದೋ, ಕೈಯಲ್ಲಿ ಸವರಿ ಸಮ ಮಾಡೋದೋ, ಅದೂ ಅಳೆಯೋನ ಇಷ್ಟ. ಯಾರೂ ಕಳ್ಳತನ ಮಾಡಲಿಲ್ಲ, ಯಾರೂ ಸುಳ್ಳು ಲೆಕ್ಕ ಬರೆಯಲಿಲ್ಲ, ಆದ್ರೂ ಐದು ಕೊಳಗ ಭತ್ತ ಎದ್ದು ಹೋಯ್ತು. ಐದು ಕೊಳಗ ಅಂದ್ರೆ ಮಳೆಗಾಲದಲ್ಲಿ ಒಂದು ಮನೆ ಎಷ್ಟು ದಿನ ಗಂಜಿ ಕುಡೀಬಹುದು, ಇಲ್ಲಿರೋ ಅಜ್ಜಿಯಂದ್ರು ಹೇಳ್ತಾರೆ.

ಇದರ ಜೊತೆಗೆ ಬೇರೆಯದ್ದೂ ಇತ್ತು. ಒಡೆಯರ ಮನೆಗೆ ಬಿಟ್ಟಿ ಚಾಕರಿ, ಕರೆದಾಗ ಹೋಗ್ಬೇಕು, ಸೌದೆ, ಸೊಪ್ಪು, ಮದುವೆ ಚಪ್ಪರ, ಏನಿದ್ರೂ. ಗೇಣಿ ಕೊಟ್ಟಿದ್ದಕ್ಕೆ ರಸೀದಿ ಇಲ್ಲ. ಪಂಚೆ ಮೊಣಕಾಲಿಂದ ಕೆಳಗೆ ಇಳಿಬಿಟ್ಟು ಉಡೋ ಹಾಗಿಲ್ಲ, ಒಡೆಯರ ಮುಂದೆ ಚಪ್ಪಲಿ ಮೆಟ್ಟೋ ಹಾಗಿಲ್ಲ. ಕಾಗೋಡಿನ ಗೇಣಿದಾರರು ಬಹುಪಾಲು ದೀವರು ಅನ್ನೋ ಸಮುದಾಯದವರು. ಗದ್ದೆ ಅವರದಲ್ಲ, ಆದ್ರೆ ಭೂಮಿ ಹುಣ್ಣಿಮೆ ಅವರದು. ಭತ್ತ ಹೊಡೆ ತುಂಬಿದಾಗ ಭೂಮಿತಾಯಿಗೆ ಬಯಕೆ ಊಟ ಅಂತ, ಬೆಳಗಿನ ಜಾವಕ್ಕೆ ಎದ್ದು, ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟೀಲಿ ಅಡುಗೆ ತುಂಬ್ಕೊಂಡು ಗದ್ದೆಗೆ ಹೋಗಿ, ಹಚ್ಚಂಬಲಿ ಬೀರಿ ಬರೋದು. ಕಾಡಿನ ಅದೆಷ್ಟೋ ಬಗೆ ಸೊಪ್ಪು ತಂದು ಬೇಯಿಸಿ ಮಾಡಿದ್ದದು. ಆ ಬುಟ್ಟಿಗಳು ಈಗ ಕರಕುಶಲ ಮೇಳದಲ್ಲಿ ಮಾರಾಟಕ್ಕೆ ಬರ್ತವೆ, ಚೆಂದಾನೇ ಇದಾವೆ, ಡ್ರಾಯಿಂಗ್ ರೂಮಿನ ಗೋಡೆಗೆ ನೇತು ಹಾಕ್ತಾರೆ. ಆದ್ರೆ ಆ ಬುಟ್ಟಿ ಹೊತ್ತವಳು ಇನ್ನೊಬ್ಬರ ಗದ್ದೆಗೆ ಬಯಕೆ ಊಟ ಹಾಕ್ತಿದ್ಲು ಅನ್ನೋದನ್ನ ಯಾರೂ ಕೆಳಗೆ ಚೀಟೀಲಿ ಬರೆಯಲ್ಲ.

ಸರಿ, ಸ್ವಾತಂತ್ರ್ಯ ಬಂತು. ಸ್ವಾತಂತ್ರ್ಯ ಬಂದ ಸ್ವಲ್ಪ ಸಮಯದಲ್ಲೇ ಹೆಚ್. ಗಣಪತಿಯಪ್ಪನವರು ಸಾಗರ ತಾಲೂಕಿನ ಗೇಣಿದಾರರನ್ನ ಸೇರಿಸಿ ರೈತ ಸಂಘ ಕಟ್ಟಿದ್ರು. ಸಂಘದ ಬೇಡಿಕೆ ಇವತ್ತು ಓದಿದ್ರೆ ಇಷ್ಟೇನಾ ಅನ್ಸುತ್ತೆ. ಸರ್ಕಾರಿ ಮೊಹರಿನ ಕೊಳಗದಲ್ಲಿ ಅಳೆದುಕೊಳ್ಳಿ, ಕೊಟ್ಟಿದ್ದಕ್ಕೆ ರಸೀದಿ ಕೊಡಿ, ಬಿಟ್ಟಿ ಚಾಕರಿ ನಿಲ್ಲಿಸಿ. ಅಷ್ಟೇ ಮಾರಾಯ್ರೆ! ಗದ್ದೆ ಬಿಟ್ಟುಕೊಡಿ ಅಂತಿಲ್ಲ, ಗೇಣಿ ಕೊಡಲ್ಲ ಅಂತಿಲ್ಲ. ಒಂದು ಡಬ್ಬಿ ಬದಲಾಯಿಸಿ ಅಂತಿದಾರೆ. ಆದ್ರೆ ಒಡೆಯರಿಗೆ ಅದು ಡಬ್ಬಿ ಪ್ರಶ್ನೆ ಆಗಿರ್ಲಿಲ್ಲ. ನಿನ್ನ ಕೊಳಗ ತಪ್ಪು ಅಂತ ಗೇಣಿದಾರ ಕಣದಲ್ಲಿ ನಿಂತು ಹೇಳಿದ ಅಂದ್ರೆ ನಾಳೆ ಇನ್ನೇನು ಕೇಳ್ತಾನೋ. ಅವರ ಲೆಕ್ಕ ಸರಿಯಾಗೇ ಇತ್ತು ಅಂತ ಮುಂದೆ ಗೊತ್ತಾಯ್ತಲ್ಲ.

ಮಾತುಕತೆ ಮುರಿದು ಬಿತ್ತು, ಗೇಣಿದಾರರನ್ನ ಗದ್ದೆಯಿಂದ ಬಿಡಿಸೋಕೆ ಹೊರಟ್ರು. 1951ರ ಏಪ್ರಿಲ್ 18ಕ್ಕೆ ಸತ್ಯಾಗ್ರಹ ಶುರು. ಆ ತಿಂಗಳು ಯಾಕೆ ಅಂತ ರೈತರಿಗೆ ಹೇಳ್ಬೇಕಾಗಿಲ್ಲ. ಯುಗಾದಿ ಕಳೆದಿರುತ್ತೆ, ಅಡ್ಡಮಳೆ ಒಂದೆರಡು ಬಿದ್ದಿರುತ್ತೆ, ಮುಂಗಾರು ಹಿಡಿಯೋಕೆ ಮುಂಚೆ ನೇಗಿಲು ಇಳೀಬೇಕು. ಈಗ ಉಳುಮೆ ತಪ್ಪಿದ್ರೆ ವರ್ಷ ತಪ್ಪಿತು. ಹಾಗಾಗಿ ಸತ್ಯಾಗ್ರಹ ಅಂದ್ರೆ ಇಲ್ಲಿ ಕೂತು ಉಪವಾಸ ಮಾಡೋದಲ್ಲ, ನೇಗಿಲು ಹೊತ್ತು ತಾವು ಇಷ್ಟು ವರ್ಷ ಉತ್ತ ಗದ್ದೆಗೇ ಇಳಿಯೋದು. ಇಳಿದ ಕೂಡ್ಲೇ ಪೊಲೀಸರು ಹಿಡಿದು ಕರ್ಕೊಂಡು ಹೋಗೋರು, ಮಾರನೇ ದಿನ ಇನ್ನೊಂದು ತಂಡ. ಹೆಂಗಸರೂ ಇಳಿದ್ರು. ಯಾವ ಅಪರಾಧ ಅಂತ ಕೇಳಿದ್ರೆ ಗದ್ದೆ ಉತ್ತಿದ್ದು.

ಸೋಷಿಯಲಿಸ್ಟ್ ಪಾರ್ಟಿ ಬಂತು, ಶಾಂತವೇರಿ ಗೋಪಾಲಗೌಡರು ಬಂದ್ರು. ತೀರ್ಥಹಳ್ಳಿ ಕಡೆಯವರು, ಆಗಿನ್ನೂ ಮೂವತ್ತು ತುಂಬಿರ್ಲಿಲ್ಲ ಅವರಿಗೆ. ಜೂನ್‌ನಲ್ಲಿ ಆ ಪಾರ್ಟಿಯ ದೊಡ್ಡ ನಾಯಕ ರಾಮಮನೋಹರ ಲೋಹಿಯಾನೇ ಬಂದ್ರು, ಕಾಗೋಡಿಗೆ ಹೋಗಿ ಜನರ ಜೊತೆ ನಿಂತ್ರು, ಸಾಗರದ ರೈಲ್ವೆ ಸ್ಟೇಷನ್‌ನಲ್ಲಿ ಅವರನ್ನ ಅರೆಸ್ಟ್ ಮಾಡಿದ್ರು. ಅಲ್ಲಿಗೆ ಸುದ್ದಿ ಡೆಲ್ಲಿ ಪೇಪರ್‌ಗೆ ಹೋಯ್ತು. ಈ ಭಾಗ ಎಲ್ಲ ಭಾಷಣದಲ್ಲೂ ಬರುತ್ತೆ, ನಾನು ಹೆಚ್ಚು ಹೇಳಲ್ಲ. ನನಗೆ ಒಂದು ತಕರಾರು ಇದೆ ಅಷ್ಟೇ. ಲೀಡರ್‌ಗಳ ಹೆಸರು ಹೇಳಿ ಮುಗಿಸಿಬಿಡ್ತೀವಿ. ಮನೆ ಗಂಡಸರು ಜೈಲಲ್ಲಿದ್ದಾಗ ಎಮ್ಮೆ ಕರೆದವರು ಯಾರು, ಎತ್ತಿಗೆ ಹುಲ್ಲು ಹಾಕಿದವರು ಯಾರು, ಅಕ್ಕಿ ಕಡ ಕೊಟ್ಟ ಪಕ್ಕದೂರು ಯಾವುದು, ಅದು ಎಲ್ಲೂ ಬರಲಿಲ್ಲ. ಕಡ ಕೊಟ್ಟ ಊರು ಇದೇ ಇರಬಹುದು, ನಿಮ್ಮ ಮನೇಲಿ ಹಿರಿಯರಿದ್ರೆ ಕೇಳಿ ನೋಡಿ.

ಇನ್ನೊಂದು ಮಾತು ನೇರವಾಗಿ ಹೇಳ್ಬೇಕು. ಆ ವರ್ಷದ ಹೋರಾಟ ಗೆಲ್ಲಲಿಲ್ಲ. ಗದ್ದೆ ವಾಪಸ್ ಬರಲಿಲ್ಲ, ಕೊಳಗಾನೂ ತಕ್ಷಣ ಬದಲಾಗಲಿಲ್ಲ, ಜೈಲಿಂದ ಬಂದೋರು ಸೋತೇ ಬಂದ್ರು. ಆಮೇಲೆ 1952ರಲ್ಲಿ ಮೊದಲನೇ ಚುನಾವಣೆ. ಅದರಲ್ಲಿ ಆಗಿದ್ದು ಕೇಳಿ, ನನಗಂತೂ ಆ ರಿಸಲ್ಟ್ ಯಾವಾಗ ನೋಡಿದ್ರೂ ನಗು ಬರುತ್ತೆ. ವಿಧಾನಸಭೆಗೆ ಇಲ್ಲಿಂದ ಗೆದ್ದಿದ್ದು ಕೈಯಲ್ಲಿ ಕಾಸಿಲ್ಲದ ಗೋಪಾಲಗೌಡರು. ಅದೇ ಚುನಾವಣೇಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್, ಅಂದ್ರೆ ಕಾಗೋಡಿನ ಭೂಮಾಲೀಕರೇ. ಗೇಣಿದಾರರ ಪರ ಇದ್ದವರು ಬೆಂಗಳೂರಿಗೆ, ಒಡೆಯರು ಡೆಲ್ಲಿಗೆ. ಅದೇ ಜನ, ಅದೇ ವೋಟು. ಯಾರು ಯಾರಿಗೆ ಹಾಕಿದ್ರು, ಯಾಕೆ ಹಾಕಿದ್ರು, ಅದರ ಮೇಲೆ ಇನ್ನೊಂದು ದಿನ ಪೂರ್ತಿ ಮಾತಾಡಬಹುದು.

ಕೊಳಗದ ಕಥೆ ಏನಾಯ್ತು? ಕೊನೆಗೆ ಅದನ್ನ ತೆಗೆದಿದ್ದು ಹೋರಾಟ ಅಲ್ಲ, ಕಿಲೋಗ್ರಾಂ. 1956ರಲ್ಲಿ ತೂಕ ಅಳತೆ ಕಾನೂನು ಬಂತು, ಮುಂದಿನ ಕೆಲವು ವರ್ಷದಲ್ಲಿ ಸೇರು, ಮಣ, ಕೊಳಗ ಎಲ್ಲ ಅಂಗಡಿಯಿಂದ ಹೋಗಿ ಕೆಜಿ, ಲೀಟರ್ ಬಂತು. ಹಳ್ಳಿ ಕಣದಲ್ಲಿ ಮಾತ್ರ ಕೊಳಗ ಇನ್ನೂ ಎಷ್ಟೋ ವರ್ಷ ಓಡಾಡ್ತಾನೇ ಇತ್ತು.

ಇದೇ ಹೊತ್ತಿಗೆ, ಕಾಗೋಡಿನ ಆಚೆ, ಶರಾವತಿ ಕಡೆ ಇನ್ನೊಂದು ಅಳತೆ ನಡೀತಿತ್ತು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನಲವತ್ತರ ದಶಕದಲ್ಲೇ ಆಗಿತ್ತು, ಜೋಗದಲ್ಲಿ ಕರೆಂಟ್ ಶುರುವಾಗಿದ್ದು ಅದರ ನೀರಿಂದ. ಆಮೇಲೆ 1964ಕ್ಕೆ ಲಿಂಗನಮಕ್ಕಿ ಬಂತು, ಆ ಹಳೇ ಅಣೆಕಟ್ಟನ್ನೂ ನುಂಗಿಬಿಡ್ತು. ಬೇಸಿಗೇಲಿ ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣುತ್ತೆ, ಜನ ನೋಡೋಕೆ ಹೋಗ್ತಾರೆ, ನೀವೂ ಹೋಗಿರ್ತೀರಿ. ಅಲ್ಲಿ ಅಳತೆ 1819 ಅಡಿ. ಸಮುದ್ರ ಮಟ್ಟದಿಂದ 1819 ಅಡಿಗೆ ನೀರು ನಿಲ್ಲುತ್ತೆ, ಆ ಗೆರೆಯ ಕೆಳಗೆ ನಿಮ್ಮ ಮನೆ ಇದ್ರೆ ಹೋಯ್ತು, ಮೇಲಿದ್ರೆ ಉಳೀತು, ಆದ್ರೆ ಮನೆ ಮೇಲಿದ್ದು ಗದ್ದೆ ಕೆಳಗಿದ್ರೆ? ಅಂಥೋರದ್ದೇ ದೊಡ್ಡ ಫಜೀತಿ. ಮುಳುಗಿದ ಜಮೀನಿಗೆ ಪರಿಹಾರ ಅಂದ್ರೆ ಕಾಗದ ತೋರಿಸಬೇಕು. ಗೇಣಿದಾರನ ಹತ್ರ ಎಂತ ಕಾಗದ? ಕಾಗೋಡಿನವರು ರಸೀದಿ ಕೊಡಿ ಅಂತ ಯಾಕೆ ಜೈಲಿಗೆ ಹೋದ್ರು ಅಂತ ಗೊತ್ತಾಗಬೇಕಿದ್ರೆ ಆ ಮುಳುಗಡೆಯವರನ್ನ ಕೇಳ್ಬೇಕು. ಲಾರೀಲಿ ಸಾಮಾನು, ದನ, ಮಕ್ಕಳನ್ನ ತುಂಬಿ ಕಾಡಿನ ಮಧ್ಯೆ ಇಳಿಸಿ ಹೋದ್ರು, ಅಲ್ಲಿ ಮಾಡ್ಕೊಂಡ ಜಮೀನಿಗೆ ಇವತ್ತಿಗೂ ಹಕ್ಕುಪತ್ರ ಅಂತ ಓಡಾಡ್ತಾನೇ ಇದಾರೆ. ನಾಡಿಗೆಲ್ಲ ದೀಪ ಹತ್ತಿದ ಮೇಲೂ ಕರೂರು, ಬಾರಂಗಿ ಹೋಬಳಿ ಕಡೆ ಹಿನ್ನೀರಲ್ಲಿ ಸಿಕ್ಕಿ ಉಳಿದವರು ಲಾಂಚ್‌ನಲ್ಲೇ ದಾಟ್ತಿದ್ರು, ಸಿಗಂದೂರು ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ.

ಈಗ 1974ಕ್ಕೆ ಬರ್ತೀನಿ, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಈ ಹಾಲ್‌ನಲ್ಲಿ ಕೂತಿರೋ ಅರ್ಧ ಜನರ ಊಟ ಅಲ್ಲಿಂದ ಬಂದಿದ್ದು. ಭೂಸುಧಾರಣಾ ಕಾಯ್ದೆ 1961ರಲ್ಲೇ ಇತ್ತು, 1965ರಲ್ಲಿ ಜಾರಿಗೂ ಬಂದಿತ್ತು, ಆದ್ರೆ ತೂತು ಬಹಳ. ದೇವರಾಜ ಅರಸು ಕಾಲದಲ್ಲಿ ತಿದ್ದುಪಡಿ ಆಗಿ 1974ರ ಮಾರ್ಚ್ 1ಕ್ಕೆ ಜಾರಿ ಆಯ್ತು. ಅವತ್ತಿಗೆ ಮುಂಚೆ ಗೇಣಿ ಮೇಲೆ ಉಳ್ತಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರುತ್ತೆ, ಉಳ್ತಿದ್ದವನು ಅರ್ಜಿ ಹಾಕಿದ್ರೆ ಅವನ ಹೆಸರಿಗೆ ಅಧಿಭೋಗದ ಹಕ್ಕು, ಅಂದ್ರೆ ಜಮೀನು ಇನ್ನು ಅವನದೇ ಅನ್ನೋ ಹಕ್ಕು, ಕೊಡ್ತಾರೆ. ಆ ಅರ್ಜಿನೇ ಫಾರಂ ನಂಬರ್ 7. ಡಿಕ್ಲರೇಶನ್ ಹಾಕೋದು ಅಂತಿದ್ರು ನಮ್ಮ ಕಡೆ. ಅರ್ಜಿ ಹಾಕೋ ಗಡುವು ಮುಂದೆ ಹೋಗ್ತಾ ಹೋಗ್ತಾ 1979ರ ಜೂನ್ 30ಕ್ಕೆ ನಿಂತಿತು.

ಅರ್ಜಿ ವಿಚಾರಣೆಗೆ ತಾಲೂಕಿಗೊಂದು ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಊರ ಕಡೆಯ ಸದಸ್ಯರು. ಅದರಲ್ಲಿ ಒಂದು ಭಾರಿ ವಿಷಯ ಏನಂದ್ರೆ, ಶುರುವಿನಲ್ಲಿ ಅಲ್ಲಿಗೆ ವಕೀಲರು ಬರೋ ಹಾಗಿರ್ಲಿಲ್ಲ. ಒಡೆಯರೂ ತಾವೇ ಬಂದು ಮಾತಾಡಬೇಕು, ಗೇಣಿದಾರನೂ ತಾನೇ ಮಾತಾಡಬೇಕು. ಎದುರಾ ಎದುರು! ಯಾರ ಅಂಗಳದಲ್ಲಿ ಚಪ್ಪಲಿ ಬಿಟ್ಟು ಬಗ್ಗಿ ನಿಲ್ತಿದ್ನೋ ಅವರ ಎದುರಿಗೆ ನಿಂತು, ಹೌದು ಸ್ವಾಮಿ, ಈ ಗದ್ದೆ ನಮ್ಮಪ್ಪನ ಕಾಲದಿಂದ ನಾನೇ ಮಾಡ್ತಿದೀನಿ ಅನ್ಬೇಕು. ಬಾಯಿ ಬರಲಿಲ್ಲ ಎಷ್ಟೋ ಜನಕ್ಕೆ. ನ್ಯಾಯಮಂಡಳಿಯವರು ಗದ್ದೆಯ ಚೆಕ್ಕುಬಂದಿ ಕೇಳೋರು, ಮೂಡಕ್ಕೆ ಯಾರದು, ಪಡುವಕ್ಕೆ ಏನಿದೆ. ಅದಕ್ಕೆ ಮಾತ್ರ ಗೇಣಿದಾರ ತಡೆಯದೆ ಉತ್ತರ ಹೇಳ್ತಿದ್ದ, ಗದ್ದೆಯಂಚಿನ ಹಾಳಿ ಮೇಲಿನ ಹೊನ್ನೆ ಮರದವರೆಗೆ ಹೇಳ್ತಿದ್ದ. ಒಡೆಯರ ಮನೆಯವರಿಗೆ ಎಷ್ಟೋ ಸಲ ತಮ್ಮ ಗದ್ದೆಗೆ ಹೋಗೋ ದಾರಿನೇ ಗೊತ್ತಿರ್ತಿರ್ಲಿಲ್ಲ.

ಕಾಗದ ಅಂದ್ರೆ ಪಹಣಿ. ಪಹಣಿ ಎಲ್ಲರ ಮನೇಲೂ ಇದೆ, ತೆಗೆದು ನೋಡಿ. 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಯಾರದು ಅಂತ. ಗೇಣಿದಾರನ ಹೆಸರು ಏನಾದ್ರೂ ಕಾಗದದ ಮೇಲೆ ಬಂದಿದ್ರೆ ಅದು ಆ 12ರಲ್ಲಿ, ಅದೂ ಶಾನುಭೋಗರು ಮನಸ್ಸು ಮಾಡಿ ಬರೆದಿದ್ರೆ. ಒಡೆಯರ ಜಗಲಿ ಮೇಲೆ ಕೂತು ಪಹಣಿ ಬರೆಯೋ ಕಾಲದಲ್ಲಿ 12ರಲ್ಲೂ ಸ್ವಂತ ಅಂತ ಬಿದ್ದಿರ್ತಿತ್ತು. ಕಾಗೋಡು ಗಲಾಟೆ ಆದ್ಮೇಲೆ ಈ ಸೀಮೆಯಲ್ಲಿ ಗೇಣಿದಾರರು ಆ 12ನೇ ಕಾಲಂ ಬಗ್ಗೆ ಎಚ್ಚರ ಆದ್ರು, ಒಡೆಯರೂ ಎಚ್ಚರ ಆದ್ರು ಅನ್ನಿ, ಕೆಲವರು ಮೊದಲೇ ಗೇಣಿದಾರನನ್ನ ಎಬ್ಬಿಸಿದ್ರು. ನನ್ನ ಲೆಕ್ಕದಲ್ಲಿ ಕಾಗೋಡಿನ ಇತಿಹಾಸ ಅಂದ್ರೆ ಒಂದು ಹೆಸರು 12ನೇ ಕಾಲಂನಿಂದ 9ನೇ ಕಾಲಂಗೆ ಬಂದ ಇತಿಹಾಸ. ಕಾಗದದ ಮೇಲೆ ಮೂರು ಬೆರಳಿನಷ್ಟು ದೂರ, ದಾಟೋಕೆ 1951ರಿಂದ ಇಪ್ಪತ್ತಮೂರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಅಷ್ಟರಲ್ಲಿ ಗೋಪಾಲಗೌಡರು ಇರ್ಲಿಲ್ಲ, 1972ರಲ್ಲೇ ತೀರಿಹೋಗಿದ್ರು.

ಇಲ್ಲಿ ಒಬ್ಬರು ಕೈ ಎತ್ತಿದೀರಿ, ಪ್ರಶ್ನೆ ಏನಂತ ಗೊತ್ತು ನನಗೆ, ನಮ್ಮ ಮನೇದೂ ಹೋಯ್ತು ಅಂತ ತಾನೇ? ಹೌದು. ಎಲ್ಲ ಒಡೆಯರೂ ದೊಡ್ಡ ಒಡೆಯರಲ್ಲ. ಎರಡೆಕರೆ ಗೇಣಿಗೆ ಬಿಟ್ಟು ಮಗನನ್ನ ಓದಿಸ್ತಿದ್ದ ವಿಧವೆಯದ್ದೂ ಹೋಯ್ತು, ಮೇಷ್ಟ್ರ ನೌಕರಿಗೆ ಬೇರೆ ಊರಿಗೆ ಹೋಗಿದ್ದವರದ್ದೂ ಹೋಯ್ತು. ದೊಡ್ಡವರು ಮುಂಚೇನೇ ಪಾಲು ಮಾಡಿ, ನೆಂಟರ ಹೆಸರಿಗೆ ಹಾಕಿ ಉಳಿಸ್ಕೊಂಡ್ರು, ಚಿಕ್ಕವರಿಗೆ ಆ ಬುದ್ಧಿ ಹೊಳೀಲಿಲ್ಲ. ಅವರ ಕಥೆಯನ್ನೂ ಬರೀಬೇಕು, ನಾನು ಬೇಡ ಅನ್ನಲ್ಲ. ಆದ್ರೆ ಆ ನೋವು ಹೇಳಿ ಕಾಯ್ದೆನೇ ತಪ್ಪು ಅನ್ನೋ ಮಾತು ಈಚೆಗೆ ಜಾಸ್ತಿ ಆಗಿದೆ, ಅದನ್ನ ನಾನು ಒಪ್ಪಲ್ಲ. ಎರಡನ್ನೂ ಒಟ್ಟಿಗೆ ಹೇಳೋಕೆ ಬರುತ್ತೆ.

ನನಗೆ ಅದಕ್ಕಿಂತ ದೊಡ್ಡ ಕೊರತೆ ಕಾಣೋದು ಬೇರೆ ಕಡೆ. ಗೇಣಿದಾರನಿಗೆ ಸಿಕ್ತು, ಗೇಣಿದಾರನ ಗದ್ದೇಲಿ ಕೂಲಿ ಮಾಡ್ತಿದ್ದವನಿಗೆ ಏನು ಸಿಕ್ತು? ಅವನ ಹೆಸರು 12ರಲ್ಲೂ ಇಲ್ಲ, ಯಾವ ಕಾಲಂನಲ್ಲೂ ಇಲ್ಲ. ಊರಿನ ದಲಿತ ಕೇರಿಯವರಿಗೆ ಬಹಳ ಕಡೆ ಫಾರಂ 7 ಮುಟ್ಟಲೇ ಇಲ್ಲ, ಯಾಕಂದ್ರೆ ಅವರಿಗೆ ಗೇಣಿಗೂ ಗದ್ದೆ ಕೊಡ್ತಿರ್ಲಿಲ್ಲ. ಹೆಂಗಸರ ಹೆಸರೂ ಅಷ್ಟೇ. ನಾಟಿ, ಕಳೆ, ಕೊಯ್ಲು ಮೂರೂ ಅವರ ಕೈಯಲ್ಲಿ ಆಗಿದ್ದು, ಹಕ್ಕುಪತ್ರ ಬಂದಿದ್ದು ಗಂಡನ ಹೆಸರಿಗೆ. ಕಾಡಂಚಲ್ಲಿ ಕಡಿದು ಮಾಡ್ಕೊಂಡವರು ಬಗರ್‌ಹುಕುಂ, ಅಂದ್ರೆ ಅನುಮತಿ ಇಲ್ಲದೆ ಮಾಡಿದ ಸರ್ಕಾರಿ ಜಮೀನು, ಸಕ್ರಮ ಮಾಡಿ ಅಂತ ಫಾರಂ 50 ಹಾಕಿದ್ರು, ಆಮೇಲೆ 53, ಆಮೇಲೆ 57. ಮಲೆನಾಡಿನಲ್ಲಿ ಮನೆ ಮನೆಯಲ್ಲೂ ಫಾರಂ ನಂಬರ್ ಬಾಯಿಪಾಠ ಇರೋದು ಸುಮ್ಮನೆ ಅಲ್ಲ. ಕಾಗೋಡು ತಿಮ್ಮಪ್ಪನವರು ಅದೇ ಊರಿಂದ ಹೋಗಿ ಸ್ಪೀಕರ್ ಆಗಿ, 2016ರಿಂದ 2018ರವರೆಗೆ ಕಂದಾಯ ಮಂತ್ರಿನೇ ಆದ್ರು. ಜಮೀನಿನ ಕಾಗದಕ್ಕೆ ಜೈಲಿಗೆ ಹೋದ ಊರಿನ ಮಗ ರಾಜ್ಯದ ಎಲ್ಲ ಪಹಣಿಗಳ ಮೇಲೆ ಕೂತ್ರು. ಆದ್ರೂ ಕಾಡಿನ ಗಡಿ ಪ್ರಶ್ನೆ ಮುಗೀಲಿಲ್ಲ, ಕಂದಾಯ ಇಲಾಖೆ ನಮ್ಮದು ಅನ್ನುತ್ತೆ, ಅರಣ್ಯ ಇಲಾಖೆ ನಮ್ಮದು ಅನ್ನುತ್ತೆ, ಜಂಟಿ ಸರ್ವೆ ಅಂತಾರೆ.

2020ರಲ್ಲಿ ಇನ್ನೊಂದು ತಿದ್ದುಪಡಿ ಬಂತು, ಅದನ್ನ ಹೇಳಿ ಮುಂದೆ ಹೋಗ್ತೀನಿ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳೋ ಹಾಗಿಲ್ಲ ಅಂತ 79ಎ, 79ಬಿ ಕಲಂ ಇತ್ತಲ್ಲ, ಅವನ್ನ ತೆಗೆದ್ರು. ಈಗ ಯಾರು ಬೇಕಾದ್ರೂ ತಗೋಬಹುದು. ಜೋಗ ರಸ್ತೆ ಬದೀಲಿ ಹೋಂಸ್ಟೇ ಬೋರ್ಡ್ ಎಷ್ಟು ಬಂದಿವೆ ನೋಡಿ, ಕೆಲವು ಫಾರಂ 7ರಲ್ಲಿ ಸಿಕ್ಕ ಗದ್ದೆ ಮೇಲೇ ನಿಂತಿರಬಹುದು. ಮಾರೋದು ತಪ್ಪು ಅಂತ ನಾನು ಯಾರಿಗೆ ಹೇಳ್ಲಿ, ಭತ್ತಕ್ಕೆ ರೇಟಿಲ್ಲ, ನಾಟಿಗೆ ಆಳಿಲ್ಲ, ಶುಂಠಿ ಹಾಕಿದ್ರೆ ಕೊಳೆ ರೋಗ, ಗದ್ದೆ ಎಲ್ಲ ಅಡಿಕೆ ಆಗ್ತಿದೆ. 9ನೇ ಕಾಲಂನಲ್ಲಿ ಬೆಂಗಳೂರು ಅಡ್ರೆಸ್ ಬರ್ತಿದೆ, ಉಳ್ತಿರೋನು ಮತ್ತೆ ಬೇರೆಯವನು. ಅವನಿಗೆ ಈ ಸಲ ಫಾರಂ ನಂಬರ್ ಎಷ್ಟೋ.

ಕೊನೆಗೆ ಕೆಲಸದ ಮಾತು, ಇದಕ್ಕೇ ನಾನು ಮುಖ್ಯವಾಗಿ ಬಂದಿದ್ದು. ಈ ಸುತ್ತಿನ ಊರುಗಳ ಗೇಣಿ ಕಾಲದ ಕಾಗದ ಏನೇನಿದೆ ಅದನ್ನ ಒಂದು ಕಡೆ ಸೇರಿಸೋಣ. ಅಸಲು ಬೇಡ, ಅಸಲು ನಿಮ್ಮ ಪೆಟ್ಟಿಗೇಲೇ ಇರ್ಲಿ. ಫಾರಂ 7ರ ಹಿಂಬರಹ, ನ್ಯಾಯಮಂಡಳಿ ತೀರ್ಪು, ಹಳೇ ಕೈಬರಹದ ಪಹಣಿ, ಗೇಣಿ ಚೀಟಿ. ಹಳೇ ಪಹಣಿ ಯಾಕೆ ಅಂದ್ರೆ, 2000ದ ಹೊತ್ತಿಗೆ ಭೂಮಿ ಅಂತ ಕಂಪ್ಯೂಟರ್ ಪಹಣಿ ಬಂತಲ್ಲ, ಆಮೇಲಿನದ್ದರಲ್ಲಿ ಗೇಣಿ ಕಥೆ ಸಿಗಲ್ಲ. ಅಟ್ಟದ ಮೇಲೆ ಹಳೇ ಕೊಳಗ ಇದ್ರೆ ಗುಜರಿಗೆ ಹಾಕ್ಬೇಡಿ, ತನ್ನಿ, ಅಕ್ಕಿ ತುಂಬಿ ಇಲ್ಲೇ ತೂಗಿ ನೋಡೋಣ. ಮೊಹರು ಇರೋದು, ಮೊಹರು ಇಲ್ಲದ್ದು ಎರಡೂ ಸಿಕ್ಕಿದ್ರೆ ಎಷ್ಟು ವ್ಯತ್ಯಾಸ ಇತ್ತು ಅನ್ನೋದು ಈ ಟೇಬಲ್ ಮೇಲೇ ಗೊತ್ತಾಗುತ್ತೆ.

(ಆಗ ಹಿಂದಿನಿಂದ ಒಬ್ಬ ಹುಡುಗ ಕೇಳಿದ, ಸರ್ ಒಡೆಯರ ಮನೆಯವರನ್ನೂ ಕೇಳ್ಬೇಕಾ ಅಂತ.) ಕೇಳ್ಲೇಬೇಕು ಮಾರಾಯ, ಲೆಕ್ಕ ಇರೋದೇ ಅವರ ಹತ್ರ! ಹಳೇ ದೊಡ್ಡ ಮನೆಗಳಲ್ಲಿ ಕಡತ ಇರುತ್ತೆ, ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಕಪ್ಪು ಮಾಡಿ ಮಡಚಿಟ್ಟಿರ್ತಾರೆ, ಬಳಪದಲ್ಲಿ ಬರೆದಿರ್ತಾರೆ, ಯಾವ ಗೇಣಿದಾರ ಯಾವ ವರ್ಷ ಎಷ್ಟು ಕೊಳಗ ಕೊಟ್ಟ, ಎಷ್ಟು ಬಾಕಿ ಇಟ್ಟ ಎಲ್ಲ ಅದರಲ್ಲೇ ಸಿಗೋದು. ಮರ್ಯಾದೆಯಿಂದ ಹೋಗಿ ಕೇಳಿ, ಜಗಳಕ್ಕೆ ಹೋದವರ ಹಾಗೆ ಹೋಗ್ಬೇಡಿ. ಮತ್ತೆ ಒಂದು ನೆನಪಿರ್ಲಿ, ಕಡತ ಸಿಕ್ಕಿದ್ರೆ ಧೂಳಾಗಿದೆ ಅಂತ ಬಟ್ಟೆಯಿಂದ ಒರೆಸೋಕೆ ಹೋಗ್ಬೇಡಿ, ಬಳಪದ ಬರಹ, ಒರೆಸಿದ್ರೆ ಹೋಗಿಬಿಡುತ್ತೆ. ಹಾಗೇ ಬಿಸಿಲಿಗೆ ಅಡ್ಡಡ್ಡ ಹಿಡಿದು ಫೋಟೋ ತೆಗೀರಿ, ಅಕ್ಷರ ಎದ್ದು ಕಾಣುತ್ತೆ, ಫೋಟೋ ಮೇಲೆ ಊರಿನ ಹೆಸರು, ಸರ್ವೆ ನಂಬರ್ ಬರೆದು ಕಳಿಸಿ.